ತಿಗಣೆಯಿಲ್ಲದ ಆರಾಮಕುರ್ಚಿ

ಮೈದಾ ಅಂಟು ಕುದಿಯುವ ವಾಸನೆ ಎಲ್ಲರಿಗೂ ಗೊತ್ತಿರುವುದಿಲ್ಲ. ಮೊದಲು ಹಸಿ ಹಿಟ್ಟಿನ ವಾಸನೆ ಬರುತ್ತದೆ, ಆಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯದು, ಕೊನೆಗೆ ಇನ್ನೇನು ತಳ ಹಿಡಿಯಿತು ಅನ್ನುವಾಗ ಹಾಲು ಉಕ್ಕಿದಂಥ ಒಂದು ಸಿಹಿ ವಾಸನೆ. ನಮ್ಮಪ್ಪ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದರು. ಬೆಳಗ್ಗೆ ನಾನೂ ನನ್ನ ತಮ್ಮನೂ ಕಣ್ಣುಜ್ಜಿಕೊಂಡು ಬಂದು ಒಲೆಯ ಮುಂದೆ ಕೂತರೆ, ಅಪ್ಪ ಪಾತ್ರೆಯಿಂದ ನಮ್ಮ ಬೆರಳ ತುದಿಗೆ ಒಂದೊಂದು ಬೊಟ್ಟು ಅಂಟು ಹಾಕುತ್ತಿದ್ದರು. ನಾನು ಅದರಲ್ಲಿ ಕಾಗದದ ದೋಣಿ ಅಂಟಿಸುತ್ತಿದ್ದೆ. ತಮ್ಮ ನೆಕ್ಕಿಬಿಡುತ್ತಿದ್ದ. ಮುಂದೆ ಕಾಲೇಜಿಗೆ ಹೋದವರು ಯಾರು, ಬೈಂಡರ್ ಆದವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಮ್ಮನಿಗೆ ಈಗ ಅರವತ್ತರ ಹತ್ತಿರ. ಮನೆಯ ಮುಂಭಾಗವೇ ಅವನ ಅಂಗಡಿ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ನಾನಿದ್ದೇನೆ. ಮಹಡಿಯ ಮೇಲೆ ಗಣಿತದ ಮೇಷ್ಟ್ರು. ನಿವೃತ್ತರು, ಒಬ್ಬರೇ, ತಾವೇ ಬೇಯಿಸಿಕೊಂಡು ತಿನ್ನುತ್ತಾರೆ. ಅವರ ಮೆಟ್ಟಿಲು ನಮ್ಮ ಅಂಗಡಿಯ ಕಿಟಕಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಎದುರಿಗೆ ಬೇಕರಿ. ಇಷ್ಟೇ ನಮ್ಮ ಪ್ರಪಂಚ. ಈ ಪ್ರಪಂಚಕ್ಕೆ ಯಾವುದೇ ಕಾಯಿಲೆ ಬಂದರೂ ಅದರ ಹೆಸರು ಹೇಳುವವನು ನನ್ನ ತಮ್ಮ.

"ವೈದ್ಯಶಾಸ್ತ್ರದ ಪುಸ್ತಕಗಳೆಲ್ಲ ನನ್ನ ಕೈಮೇಲೇ ಹೋಗಿವೆ ಅಕ್ಕಾ," ಎನ್ನುತ್ತಾನೆ.

ಹೋಗಿರುವುದು ನಿಜ. ಆದರೆ ಅವನು ಓದಿರುವುದು ಪುಸ್ತಕದ ಬೆನ್ನಿನ ಮೇಲಿನ ಹೆಸರುಗಳನ್ನು ಮಾತ್ರ. ಅದೂ ಚಿನ್ನದ ಅಕ್ಷರ ಒತ್ತುವಾಗ ತಪ್ಪಾಗಬಾರದೆಂದು.

ಹೀಗಿರುವಾಗ ಅವನಿಗೇ ತುರಿಕೆ ಶುರುವಾಯಿತು. ಎರಡು ಮೊಣಕೈ, ಎರಡು ಮಂಡಿ, ಸೊಂಟದ ಕೆಳಗೆ ಕೂರುವ ಜಾಗ. ಸಣ್ಣ ಸಣ್ಣ ನೀರುಗುಳ್ಳೆಗಳು ಗುಂಪುಗುಂಪಾಗಿ ಏಳುತ್ತಿದ್ದವು. ಪಾಪ, ಗಿರಾಕಿಯ ಜೊತೆ ಮಾತಾಡುತ್ತಲೇ ಬಾಗಿಲ ಚೌಕಟ್ಟಿಗೆ ಮೊಣಕೈ ಉಜ್ಜುತ್ತಿದ್ದ. ನನ್ನ ನಾದಿನಿ, ಅಂದರೆ ಅವನ ಹೆಂಡತಿ, "ರೀ, ಡಾಕ್ಟರ ಹತ್ರ ಹೋಗಿ ಬನ್ನಿ" ಎಂದಳು.

"ಡಾಕ್ಟರು ಯಾಕೆ? ಇದು ತಿಗಣೆ," ಎಂದು ತಮ್ಮ ತೀರ್ಪು ಕೊಟ್ಟ.

ಮನೆಯ ಹಾಸಿಗೆಗಳನ್ನು ಮಗುಚಿದ್ದಾಯಿತು. ತಿಗಣೆ ಸಿಗಲಿಲ್ಲ. ಆಮೇಲೆ ಅವನ ಕಣ್ಣು ಅಂಗಡಿಯ ಮೂಲೆಯ ಆರಾಮಕುರ್ಚಿಯ ಮೇಲೆ ಬಿತ್ತು. ಅದು ಮೇಷ್ಟ್ರು ಕೊಟ್ಟದ್ದು. ಮಂಡಿನೋವು ಹೆಚ್ಚಾಗಿ ಅಷ್ಟು ತಗ್ಗಿನ ಕುರ್ಚಿಯಿಂದ ಏಳಲಾಗದೆ, "ನೀವಾದ್ರೂ ಊಟ ಆದ್ಮೇಲೆ ಒರಗಿಕೊಳ್ಳಿ ಬೈಂಡರೇ" ಎಂದು ಪ್ರೀತಿಯಿಂದ ಕೆಳಗೆ ಕಳಿಸಿದ್ದರು. ತಮ್ಮ ದಿನಾ ಅದರಲ್ಲಿ ಒರಗುತ್ತಿದ್ದ. ಗುಳ್ಳೆ ಎದ್ದದ್ದು ಎಲ್ಲಿ? ಒರಗುವ ಕಡೆ, ಕೂರುವ ಕಡೆ, ಮೊಣಕೈ ಊರುವ ಕಡೆ. ಇನ್ನೇನು ಬೇಕು ಸಾಕ್ಷಿ!

ಕುರ್ಚಿಯನ್ನು ಎತ್ತಿ ಬೀದಿಯ ಅಂಚಿಗೆ ಇಟ್ಟ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ದಾರಿಹೋಕರು ಯಾರಾದರೂ ಗೊತ್ತಿಲ್ಲದೆ ಕೂತುಬಿಟ್ಟರೆ ಎಂಬ ಪರೋಪಕಾರ ಬುದ್ಧಿ. ಒಂದು ಒಳ್ಳೆ ರಟ್ಟು ತೆಗೆದುಕೊಂಡು, ಕೆಂಪು ಬಟ್ಟೆ ಹೊದಿಸಿ, ಚಿನ್ನದ ಅಕ್ಷರದಲ್ಲಿ "ಎಚ್ಚರಿಕೆ: ತಿಗಣೆಗಳಿವೆ" ಎಂದು ಒತ್ತಿ ಕುರ್ಚಿಗೆ ತಗುಲಿಹಾಕಿದ. ಅಷ್ಟು ಚಂದದ ಬೋರ್ಡು ನಮ್ಮ ಬೀದಿಯಲ್ಲಿ ಯಾವ ಅಂಗಡಿಗೂ ಇರಲಿಲ್ಲ.

ಮೇಷ್ಟ್ರು ತರಕಾರಿ ಚೀಲ ಹಿಡಿದುಕೊಂಡು ಬಂದವರು ನಿಂತರು. ಕನ್ನಡಕ ಸರಿಮಾಡಿಕೊಂಡು ಓದಿದರು.

"ಬೈಂಡರೇ, ಇದು ನನ್ನ ಕುರ್ಚಿ."

"ಆಗಿತ್ತು ಮೇಷ್ಟ್ರೇ. ಈಗ ತಿಗಣೆಗಳದ್ದು."

"ಇದರ ಮೇಲೆ ಕೂತು ನಾನು ಎಷ್ಟು ಸಾವಿರ ಉತ್ತರಪತ್ರಿಕೆ ತಿದ್ದಿದ್ದೀನಿ ಗೊತ್ತಾ? ಒಂದು ತಿಗಣೆ ನನ್ನ ಕಚ್ಚಿಲ್ಲ."

"ನಿಮ್ಮನ್ನ ಕಚ್ಚೋ ಧೈರ್ಯ ಯಾವ ತಿಗಣೆಗಿದೆ ಮೇಷ್ಟ್ರೇ?"

ತಮ್ಮ ಇದನ್ನು ಗೌರವದಿಂದಲೇ ಹೇಳಿದ್ದ. ಎದುರಿನ ಬೇಕರಿಯಲ್ಲಿ ಸಾಲು ನಿಂತಿದ್ದವರೆಲ್ಲ ನಕ್ಕದ್ದು ಮಾತ್ರ ಬೇರೆ ಥರ ಇತ್ತು. ಮೇಷ್ಟ್ರು ಮೆಟ್ಟಿಲು ಹತ್ತಿದರು. ಅವತ್ತಿನಿಂದ ನಮ್ಮ ಕಿಟಕಿಯ ಪಕ್ಕ ಹಾದುಹೋಗುವಾಗ ಅವರ ಮುಖ ಗೋಡೆಯ ಕಡೆಗಿರುತ್ತಿತ್ತು.

ನಗರಸಭೆಯಿಂದ ಔಷಧಿ ಹೊಡೆಯುವವರು ಬಂದರು. ಕುರ್ಚಿಯನ್ನು ತಲೆಕೆಳಗು ಮಾಡಿ, ತಟ್ಟಿ, ಕುಟ್ಟಿ, ಹೊಲಿಗೆ ಬಿಡಿಸಿ ನೋಡಿದರು. ಒಳಗಿನಿಂದ ಬಿದ್ದದ್ದು ಒಂದು ಕೆಂಪು ಪೆನ್ಸಿಲ್ಲಿನ ತುಂಡು.

"ಸಾರ್, ಒಂದೇ ಒಂದು ತಿಗಣೆ ಇಲ್ಲ."

"ನಿಮ್ಮನ್ನ ನೋಡಿ ಅಡಗಿಕೊಂಡಿರ್ತವೆ. ಹೊಡೀರಿ," ಎಂದ ತಮ್ಮ.

ಹೊಡೆದರು. ಬೀದಿಯೆಲ್ಲ ಕೆಮ್ಮಿತು. ತಮ್ಮ ಕೆಮ್ಮುತ್ತಲೂ ತುರಿಸಿಕೊಳ್ಳುತ್ತಲೂ ಇದ್ದ. ಕೊನೆಗೆ ನಾದಿನಿ ಅವನ ಅಂಗಿ ಜೇಬಿಗೆ ಕನ್ನಡಕ ತುರುಕಿ, ಕೈಹಿಡಿದು ಚರ್ಮದ ಡಾಕ್ಟರ ಬಾಗಿಲವರೆಗೆ ಬಿಟ್ಟುಬಂದಳು. ಒಳಗೆ ಅವನೊಬ್ಬನೇ ಹೋದ. ಮುಂದಿನ ಅನರ್ಥಕ್ಕೆಲ್ಲ ಇದೇ ಕಾರಣ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊಣಕೈ ನೋಡಿದರು, ಮಂಡಿ ನೋಡಿದರು, "ಹೊಟ್ಟೆ ಹೇಗಿದೆ? ಉಬ್ಬರ ಬರುತ್ತಾ? ತೂಕ ಇಳಿದಿದೆಯಾ?" ಎಂದು ಕೇಳಿದರು. ತಮ್ಮ ಎದ್ದು ಹೊರಗೆ ಬಂದು ಬಾಗಿಲ ಮೇಲಿನ ಫಲಕ ಓದಿ, ಚರ್ಮದ ಡಾಕ್ಟರೇ ಹೌದೆಂದು ಖಾತ್ರಿ ಮಾಡಿಕೊಂಡು ಮತ್ತೆ ಒಳಗೆ ಹೋದನಂತೆ. ಆಮೇಲೆ ಅವರು ಪರೀಕ್ಷೆಗೆಂದು ಚೂರು ಚರ್ಮ ತೆಗೆದರು. ಗುಳ್ಳೆಯಿಂದ ಅಲ್ಲ, ಅದರ ಪಕ್ಕದ ಒಳ್ಳೆ ಚರ್ಮದಿಂದ.

"ಅಮ್ಮಾ, ಸ್ವಲ್ಪ ಈ ಕಡೆ. ನಿಮ್ಮ ಗುರಿ ತಪ್ಪಿತು."

"ಇಲ್ಲ ಸಾರ್, ಪಕ್ಕದಿಂದಾನೇ ತೆಗೀಬೇಕು."

"ಪರವಾಗಿಲ್ಲ, ಮೊದಮೊದಲು ಎಲ್ಲರಿಗೂ ಕೈ ನಡುಗುತ್ತೆ. ನಾನೂ ಎಷ್ಟು ರಟ್ಟು ಓರೆ ಕತ್ತರಿಸಿಲ್ಲ!" ಎಂದು ಇವನು ಧೈರ್ಯ ತುಂಬಿದ.

ಮನೆಗೆ ಬಂದವನ ಮುಖದಲ್ಲಿ ವಿಜಯೋತ್ಸಾಹ.

"ಔಷಧಿ ಏನು ಗೊತ್ತಾ ಅಕ್ಕಾ? ಬ್ರೆಡ್ಡು!"

"ಏನು?"

"ದಿನಾ ಗೋಧಿ ತಿನ್ನಬೇಕಂತೆ. ಒಂದು ದಿನಾನೂ ತಪ್ಪಿಸಬಾರದಂತೆ. ಒತ್ತಿ ಒತ್ತಿ ಹೇಳಿದ್ರು."

"ಇನ್ನೇನು ಹೇಳಿದ್ರೋ?"

"ರಕ್ತ, ಹೊಟ್ಟೆಗೆ ಕೊಳವೆ, ಇನ್ನೂ ಏನೇನೋ ಪರೀಕ್ಷೆ ಇವೆಯಂತೆ, ಅದೆಲ್ಲ ಅವರ ಶಾಸ್ತ್ರಕ್ಕೆ. ಮುಖ್ಯವಾದ್ದು ಇದು."

ನನಗೆ ಅನುಮಾನ ಬಂತು. ಆದರೆ ಅಷ್ಟರಲ್ಲಿ ಅವನು ಬೀದಿ ದಾಟಿಯಾಗಿತ್ತು.

ಬೇಕರಿಯಮ್ಮ ಇಪ್ಪತ್ತು ಜನರ ಎದುರಿಗೆ ಈ ಸುದ್ದಿ ಕೇಳಿ ಆನಂದಬಾಷ್ಪ ಸುರಿಸಿದಳು. "ನಾನು ಯಾವಾಗಿಂದ ಹೇಳ್ತಿಲ್ಲ? ನನ್ನ ಬ್ರೆಡ್ಡಲ್ಲಿ ಏನೋ ಇದೆ ಅಂತ!" ಮಾರನೆಯ ಬೆಳಗ್ಗೆ ಗಾಜಿನ ಕಪಾಟಿನೊಳಗೆ ಒಂದು ಫಲಕ ಕಾಣಿಸಿಕೊಂಡಿತು. ಚಿನ್ನದ ಅಕ್ಷರ, ಕೆಂಪು ಬಟ್ಟೆ. ಯಾರ ಕೈಕೆಲಸವೆಂದು ಕೇಳಬೇಕಾಗಿರಲಿಲ್ಲ. "ಚರ್ಮರೋಗಕ್ಕೆ ವೈದ್ಯರೇ ಹೇಳಿದ ಬ್ರೆಡ್."

ನಮ್ಮ ಬೀದಿಯಲ್ಲಿ ಇಷ್ಟೊಂದು ಜನಕ್ಕೆ ತುರಿಕೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕ್ಷೌರದಂಗಡಿಯವರು ಎರಡು ಬ್ರೆಡ್ ಒಯ್ದರು. ದರ್ಜಿಯ ಹೆಂಡತಿ ತನ್ನ ನಾಯಿಗೆಂದು ಒಂದು ಒಯ್ದಳು. ಇನ್ನು ತಮ್ಮನಿಗೋ! ನಮ್ಮ ಬೀದಿಯವರು ಬಾಯಿಗೆ ಬಂದದ್ದು ಮಾತಾಡುವವರಾದರೂ ಕರುಳು ದೊಡ್ಡದು. ಬನ್ನು, ರಸ್ಕು, ಕೇಕು, ಬಿಸ್ಕತ್ತು ಬಟ್ಟಲು ಬಟ್ಟಲಾಗಿ ಬರತೊಡಗಿದವು. ಅವನ ಅಂಗಡಿಯ ಮೇಜಿನ ಮೇಲೆ ಪುಸ್ತಕಕ್ಕೆ ಜಾಗವಿರಲಿಲ್ಲ. ಯಾರೇ ಕೊಟ್ಟರೂ ಬೇಡ ಎನ್ನುವ ಸ್ವಭಾವ ಅವನದಲ್ಲ. ಕೊಟ್ಟವರ ಎದುರಿಗೇ ತಿಂದು, "ಆಹಾ, ಈಗಲೇ ತಂಪಾಯ್ತು" ಎನ್ನುತ್ತಿದ್ದ.

"ಇಡೀ ಬೀದಿ ಕೊಟ್ಟಿತು ಅಕ್ಕಾ," ಎಂದು ಒಮ್ಮೆ ಮೇಲೆ ನೋಡಿ ನಿಟ್ಟುಸಿರಿಟ್ಟ. "ಮೇಲಿನವರು ಮಾತ್ರ ಒಂದು ತುಣುಕು ಕೊಡಲಿಲ್ಲ."

ತುರಿಕೆ ಇಮ್ಮಡಿಯಾಯಿತು.

"ರೋಗ ಹೊರಗೆ ಬರ್ತಾ ಇದೆ," ಎಂದ ತಮ್ಮ.

ಹೊಟ್ಟೆಗೆ ಕೊಳವೆ ಬಿಡುವ ಪರೀಕ್ಷೆಯೂ ಆಯಿತು. ಫಲಿತಾಂಶ ಕೇಳಲು ಈ ಸಲ ನಾನೂ ಜೊತೆಗೆ ಹೋದೆ. ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಒಂದು ಅಂಶ ಇವನ ಕರುಳಿಗೆ ಆಗಿಬರುವುದಿಲ್ಲ. ಕೆಲವರಿಗೆ ಅದು ಹೊಟ್ಟೆಯಲ್ಲಿ ಸದ್ದು ಮಾಡದೆ ಚರ್ಮದ ಮೇಲೆ ಹೀಗೆ ಕಾಣಿಸಿಕೊಳ್ಳುತ್ತದೆ. ಇನ್ನು ಮುಂದೆ ಜೀವಮಾನವಿಡೀ ಅವನ್ನು ಮುಟ್ಟಬಾರದು.

ತಮ್ಮ ಕುರ್ಚಿಯಿಂದ ಅರ್ಧ ಎದ್ದ. "ನೀವೇ ಅಲ್ವಾ ತಿನ್ನಿ ಅಂದಿದ್ದು!"

"ಪರೀಕ್ಷೆ ಮುಗಿಯೋವರೆಗೆ ಊಟ ಬದಲಾಯಿಸಬೇಡಿ ಅಂದೆ ಸಾರ್. ಬಿಟ್ಟುಬಿಟ್ಟರೆ ಪರೀಕ್ಷೆಯಲ್ಲಿ ರೋಗ ಸಿಕ್ಕಲ್ಲ. ಎಷ್ಟು ತಿಂದ್ರಿ?"

ತಮ್ಮ ಹೇಳಿದ. ಬನ್ನುಗಳಿಂದ ಶುರುಮಾಡಿ ದರ್ಜಿಯ ಮನೆಯ ಕೇಕಿನವರೆಗೆ ಬರುವಷ್ಟರಲ್ಲಿ ಡಾಕ್ಟರು ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿಕೊಂಡರು. ಭುಜಗಳು ಅಲುಗುತ್ತಿದ್ದವು. ತಿರುಗಿದಾಗ ಮುಖ ಮತ್ತೆ ಗಂಭೀರವಾಗಿತ್ತು. ಆ ಮರ್ಯಾದೆಗೆ ನಾನು ಅವರಿಗೆ ಇವತ್ತಿಗೂ ಋಣಿ.

"ತುರಿಕೆ ತಡೆಯೋಕೆ ಮಾತ್ರೆ ಕೊಡ್ತೀನಿ," ಎಂದರು. "ಗುಳ್ಳೆ ಪೂರ್ತಿ ಹೋಗೋಕೆ ತಿಂಗಳುಗಳೇ ಬೇಕು. ಅದಕ್ಕೇ ಗೋಧಿ ಬಿಟ್ಟಿದ್ದು ಫಲ ಕೊಡ್ತಿದೆಯಾ ಅಂತ ಗುಳ್ಳೆ ನೋಡಿ ಅಳೀಬೇಡಿ. ಆಗಾಗ ರಕ್ತ ಪರೀಕ್ಷೆ ಮಾಡಿ ನೋಡೋಣ."

"ಹಾಗಾದ್ರೆ ತಿಗಣೆ?"

"ಯಾವ ತಿಗಣೆ?"

ತಮ್ಮ ಕನ್ನಡಕ ಜೇಬಿಗೆ ಹಾಕಿಕೊಂಡು ಎದ್ದ.

ಬೀದಿಗೆ ಕಾಲಿಟ್ಟೊಡನೆ ನೇರ ಬೇಕರಿಗೆ ಹೋಗಿ, ತುಂಬಿದ ಅಂಗಡಿಯಲ್ಲಿ, "ಬೇಕರಿಯಮ್ಮಾ, ನನ್ನ ಕಾಯಿಲೆಗೆಲ್ಲ ನಿಮ್ಮ ಬ್ರೆಡ್ಡೇ ಕಾರಣ" ಎಂದುಬಿಟ್ಟ.

"ನಾಲಗೆ ಬಿಗಿಹಿಡಿದು ಮಾತಾಡಿ ಬೈಂಡರಣ್ಣ! ನಿನ್ನೆವರೆಗೂ ಅಮೃತ ಆಗಿತ್ತು!"

ನಾನು ಹಿಂದೆಯೇ ಓಡಿಹೋಗಿ, ಬ್ರೆಡ್ಡಿನ ತಪ್ಪಿಲ್ಲ, ನನ್ನ ತಮ್ಮನ ಕರುಳಿನದು ಎಂದು ಬಿಡಿಸಿ ಹೇಳಿದೆ. ಅವಳು ಫಲಕ ತೆಗೆದು ಅವನ ಕೈಗೇ ಕೊಟ್ಟಳು. ದರ್ಜಿಯ ನಾಯಿಗೆ ಮಾತ್ರ ನಿಜವಾಗಿಯೂ ವಾಸಿಯಾಗಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಬೀದಿಗೆ ಈಗ ಹೊಸ ಭಯ ಹಿಡಿಯಿತು. ಚಮಚದಲ್ಲಿ ಉಳಿದ ಚೂರೂ ಇವನಿಗೆ ಆಗಿಬರುವುದಿಲ್ಲ ಎಂದು ನಾದಿನಿ ಎಲ್ಲರಿಗೂ ಹೇಳಿದಳು. ಅವರು ಇನ್ನೂ ಸ್ವಲ್ಪ ಸೇರಿಸಿಕೊಂಡರು. ಎಲ್ಲರ ಮನೆಯ ಅಡುಗೆಮನೆಯವರೆಗೆ ನಡೆದುಹೋಗಿ "ಇವತ್ತೇನು ಪರಿಮಳ?" ಎನ್ನುತ್ತಿದ್ದವನನ್ನು ಈಗ ಹೊಸ್ತಿಲಲ್ಲೇ ನಿಲ್ಲಿಸಿ ಒಂದು ಲೋಟ ನೀರು ಕೊಡುತ್ತಿದ್ದರು. ಅದನ್ನೂ ಹೆದರಿಕೊಂಡು ಕೊಡುತ್ತಿದ್ದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ತಮ್ಮ ನೀರು ಕುಡಿದು, "ಬಹಳ ಚೆನ್ನಾಗಿದೆ" ಎಂದು ಹೇಳಿ ಬರುತ್ತಿದ್ದ.

ಮನೆಯಲ್ಲಿ ಗೋಧಿಯ ಡಬ್ಬಗಳು ಹೋದವು. ಅನ್ನ, ಆಲೂಗಡ್ಡೆ, ಜೋಳ ಬಂದವು. ಅವನು ಒಂದು ಮಾತೂ ಗೊಣಗದೆ ತಿಂದ. ಕೆಲವು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು. ಡಾಕ್ಟರು ಹಣೆ ಉಜ್ಜಿಕೊಂಡರು.

"ಈ ಅಂಕಿ ಇಳೀಬೇಕಿತ್ತು. ಇಳಿದೇ ಇಲ್ಲ. ದಿನಾ ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗ್ತಾ ಇದೆ. ಹೀಗೇ ಆದ್ರೆ ಕರುಳು ಪೂರ್ತಿ ಕೆಡುತ್ತೆ ಸಾರ್. ಹುಡುಗಾಟ ಅಲ್ಲ."

"ನಾನು ಒಂದು ಚೂರೂ ತಿಂದಿಲ್ಲ," ಎಂದ ತಮ್ಮ.

ಡಾಕ್ಟರು ಅವನನ್ನು ನೋಡಿದರು. ನಾದಿನಿ ಅವನನ್ನು ನೋಡಿದಳು. ಆ ನೋಟ ಮನೆಯವರೆಗೂ ಅವನ ಬೆನ್ನ ಮೇಲೇ ಇತ್ತು.

ಅಂಗಡಿಗೆ ಬಂದು ಅವಳು ಬಾಗಿಲು ಹಾಕುವುದನ್ನೂ ಮರೆತು ಶುರುಮಾಡಿದಳು. "ನಿಜ ಹೇಳಿ. ಎಲ್ಲಿ ತಿಂತೀರಿ?"

"ತಿಂದಿಲ್ಲ ಕಣೇ."

"ಹಾಗಾದ್ರೆ ರಕ್ತ ಸುಳ್ಳು ಹೇಳುತ್ತಾ? ನಾನು ಪಾತ್ರೆ ಬದಲಾಯಿಸಿದೆ, ಡಬ್ಬ ಬದಲಾಯಿಸಿದೆ, ನಾನೂ ಬ್ರೆಡ್ ಬಿಟ್ಟೆ. ನೀವು ಸಾಯೋಕೆ ಹೊರಟಿದ್ದೀರಿ, ನನಗೆ ಹೇಳದೇನೇ!"

ಬೇಕರಿಯಮ್ಮ ಗಲಾಟೆ ಕೇಳಿ ದಾಟಿಬಂದಳು. ನಾದಿನಿ ಅವಳ ಕಡೆ ತಿರುಗಿ, "ನೀನೇ ಏನಾದ್ರೂ ಕದ್ದು ಕೊಡ್ತಿದ್ದೀಯಾ?" ಎಂದಳು.

"ನಾನಾ? ನಾನು ಈ ಮನುಷ್ಯನ್ನ ಕಂಡ್ರೆ ಅಂಗಡಿ ಪರದೆ ಎಳೀತೀನಿ! ಆದ್ರೂ ಬೈಂಡರಣ್ಣ, ಅಪ್ಪಿತಪ್ಪಿ ಒಂದು ರಸ್ಕು ಗಿಸ್ಕು..."

"ಮರೆತು ತಿಂದಿದ್ರೂ ಹೇಳಿಬಿಡಿ," ಎಂದ ದರ್ಜಿ, ಬಾಗಿಲಲ್ಲಿ ನಿಂತು.

ತಮ್ಮ ಎಲ್ಲರನ್ನೂ ಒಮ್ಮೆ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಏನು ಹೇಳಲಿ? ನನಗೂ ಗೊತ್ತಿರಲಿಲ್ಲ. ಅವನು ಮೆಲ್ಲನೆ ಹೇಳಿದ: "ಮಾಡದ ತಪ್ಪನ್ನ ಹೇಗೆ ಒಪ್ಪಿಕೊಳ್ಳಲಿ?"

ಆಗ ಮೆಟ್ಟಿಲ ಕಡೆಯಿಂದ, ಕಿಟಕಿಯಾಚೆಯಿಂದ ಒಂದು ಸ್ವರ ಬಂತು.

"ಬೈಂಡರು ಕದ್ದು ತಿಂದಿರೋದಿಲ್ಲ."

ಮೇಷ್ಟ್ರು. ಮುಖ ಈಗಲೂ ಗೋಡೆಯ ಕಡೆಗೇ ಇತ್ತು.

"ಅದು ನಿಮಗೆ ಹೇಗೆ ಗೊತ್ತು ಮೇಷ್ಟ್ರೇ?" ಎಂದಳು ಬೇಕರಿಯಮ್ಮ.

"ತಿಂದಿದ್ರೆ ಇಷ್ಟರಲ್ಲಿ ಬೀದಿಗೆಲ್ಲ ಬೋರ್ಡು ಹಾಕಿರ್ತಿದ್ರು. ಅವರ ಹೊಟ್ಟೇಲಿ ಗುಟ್ಟು ನಿಲ್ಲೋದಿಲ್ಲ," ಎಂದು ಹೇಳಿ ಮೇಲೆ ಹೋದರು.

ದರ್ಜಿ ಹೌದೆಂದು ತಲೆಯಾಡಿಸಿದ. ನಾದಿನಿ ಕೂಡ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ಅದೂ ನಿಜಾನೇ" ಎಂದಳು.

ಮಾರನೆಯ ಬೆಳಗ್ಗೆ ನಾನು ಆ ವಾಸನೆಗೇ ಎಚ್ಚರಗೊಂಡೆ. ಹಸಿ ಹಿಟ್ಟು, ಆಮೇಲೆ ಗಂಜಿ, ಆಮೇಲೆ ಆ ಸಿಹಿ. ಅಂಗಡಿಗೆ ಹೋದೆ. ತಮ್ಮ ಸ್ಟವ್ವಿನ ಮುಂದೆ ನನಗೆ ಬೆನ್ನು ಹಾಕಿ ನಿಂತಿದ್ದ. ಸೌಟು ತಿರುಗಿಸುತ್ತಿದ್ದ, ಅಪ್ಪನ ಹಾಗೆಯೇ ಎಡಗಾಲಿನ ಮೇಲೆ ಭಾರ ಹಾಕಿ. ಸೌಟನ್ನು ಎತ್ತಿ, ಜಾರುವ ಅಂಟನ್ನು ನೋಡಿ, ತೋರುಬೆರಳಲ್ಲಿ ಒಂದು ಬೊಟ್ಟು ತೆಗೆದು ಬಾಯಿಗಿಟ್ಟುಕೊಂಡ. ತಲೆಯಾಡಿಸಿದ. ಇನ್ನೊಂದು ಸುತ್ತು ತಿರುಗಿಸಿದ. ಇನ್ನೊಂದು ಬೊಟ್ಟು. ಆಮೇಲೆ ಹುಳ ಬೀಳದ ಹಾಗೆ ಹಾಕುವ ಮೈಲುತುತ್ತದ ಪೊಟ್ಟಣಕ್ಕೆ ಕೈಹಾಕಿದ.

"ಏನೋ ಅದು, ತಿಂದಿದ್ದು?"

"ಏನಿಲ್ಲವಲ್ಲ. ಅಂಟು ಬೆಂದಿದೆಯಾ ನೋಡಿದೆ."

"ಬಾಯಲ್ಲಿ ನೋಡಿದೆ."

"ಮತ್ತೆ ಮೂಗಲ್ಲಿ ನೋಡೋಕಾಗುತ್ತಾ? ಅಪ್ಪಾನೂ ಹೀಗೇ ನೋಡ್ತಿದ್ರು. ಹಸಿ ರುಚಿ ಹೋಗಿರಬೇಕು, ಇಲ್ಲದಿದ್ರೆ ಹಾಳೆ ಬಿಟ್ಟುಕೊಳ್ಳುತ್ತೆ."

"ದಿನಾ ನೋಡ್ತೀಯಾ?"

"ಕೆಲಸ ಇದ್ದ ದಿನ ಎಲ್ಲ."

"ಅದು ಯಾವ ಹಿಟ್ಟು?"

"ಮೈದಾ."

"ಮೈದಾ ಯಾವುದರಿಂದ ಮಾಡ್ತಾರೆ?"

ತಮ್ಮ ಬಾಯಿ ತೆರೆದ. ಬೆರಳು ಇನ್ನೂ ಗಾಳಿಯಲ್ಲಿತ್ತು. ಅದನ್ನು ಯಾರದೋ ಬೆರಳೆಂಬಂತೆ ದೂರ ಹಿಡಿದು ನೋಡಿದ.

"ಆದ್ರೆ ಅಕ್ಕಾ," ಎಂದ, ನಿಜವಾದ ಆಶ್ಚರ್ಯದಿಂದ, "ಇದು ಊಟ ಅಲ್ವಲ್ಲ. ಇದು ಕಸುಬು."

ನನಗೆ ನಗು ತಡೆಯಲಾಗಲಿಲ್ಲ. ನಾದಿನಿ ಓಡಿಬಂದು, ವಿಷಯ ತಿಳಿದು, ಮೊದಲು ಅವನ ಬೆನ್ನಿಗೆ ಒಂದು ಗುದ್ದಿ, ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ನಗುತ್ತ ಅಳುತ್ತ ಎರಡನ್ನೂ ಒಟ್ಟಿಗೆ ಮಾಡಿದಳು. "ಕದ್ದು ತಿನ್ನದೆ ಎಲ್ಲರೆದುರಿಗೇ ತಿಂತಿದ್ರಲ್ಲಾ ರೀ!"

ಫೋನಿನಲ್ಲಿ ಇದನ್ನು ಕೇಳಿದ ಡಾಕ್ಟರು, ಬೇರೆ ಹಿಟ್ಟು ಬಳಸಿ, ಮೈದಾದ ಹಿಟ್ಟು ಹಾರಿ ಮೂಗು ಬಾಯಿಗೆ ಹೋಗೋದೂ ಬೇಡ ಎಂದರು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಅಕ್ಕಿ ಹಿಟ್ಟಿನ ಅಂಟು. "ವಾಸನೆಯೇ ಸರಿಯಿಲ್ಲ," ಎಂದು ತಮ್ಮ ವಾರವಿಡೀ ಕೊರಗಿದ. ಆದರೆ ಅದು ಚೆನ್ನಾಗಿಯೇ ಹಿಡಿಯಿತು. ಮುಂದಿನ ಪರೀಕ್ಷೆಯಲ್ಲಿ ರಕ್ತವೂ ಒಳ್ಳೆ ಮಾತು ಹೇಳಿತು. ಮೊಣಕೈಯ ಗುಳ್ಳೆಗಳು ಮಾಯತೊಡಗಿದವು.

ಈ ನಡುವೆ ಅವನು, ಔಷಧಿ ಹೊಡೆದ ಮೇಲೆ ಬೀದಿಯಿಂದ ಮೂಲೆಗೆ ಮರಳಿದ್ದ ಆರಾಮಕುರ್ಚಿಯನ್ನು ಬಿಚ್ಚಿದ್ದ. ಕಾಲುಗಳ ಕೆಳಗೆ ಮರದ ತುಂಡು ಕೂರಿಸಿ ಎತ್ತರ ಮಾಡಿದ, ಮಂಡಿನೋವಿನವರು ಸುಲಭವಾಗಿ ಏಳುವಷ್ಟು. ಒಳ್ಳೆ ನೀಲಿ ಬೈಂಡಿಂಗ್ ಬಟ್ಟೆ ಹೊದಿಸಿದ. ಆಮೇಲೆ ಚಿನ್ನದ ಅಕ್ಷರದ ಅಚ್ಚು ತೆಗೆದು, "ಬೆನ್ನಿಗೆ ಒಂದು ಕ್ಷಮಾಪಣೆ ಒತ್ತಲಾ ಅಕ್ಕಾ?" ಎಂದ.

"ಬೋರ್ಡು ಬೇಡ. ಬಾಯಲ್ಲಿ ಹೇಳು."

ಒಂದು ಮಧ್ಯಾಹ್ನ ಅವನು ಕುರ್ಚಿ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. ಹಿಂದೆ ನಾನು, ಎತ್ತಿಟ್ಟುಕೊಂಡಿದ್ದ ಆ ಕೆಂಪು ಪೆನ್ಸಿಲ್ಲಿನ ತುಂಡು ಕೈಯಲ್ಲಿ ಹಿಡಿದು. ಮೇಷ್ಟ್ರು ಬಾಗಿಲು ತೆರೆದರು. ಕುರ್ಚಿಯನ್ನು ಉತ್ತರಪತ್ರಿಕೆ ನೋಡುವ ಹಾಗೆ ಮೇಲಿನಿಂದ ಕೆಳಗೆ ನೋಡಿದರು.

ತಮ್ಮ ಮೆಟ್ಟಿಲುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ ಭಾಷಣವೆಲ್ಲ ಎಲ್ಲೋ ಹೋಯಿತು.

"ಮೇಷ್ಟ್ರೇ, ತಿಗಣೆ ಇರಲಿಲ್ಲ," ಎಂದಷ್ಟೇ ಹೇಳಿದ.

"ಗೊತ್ತು."

"ನಾಲ್ಕು ಜನರ ಮುಂದೆ ಹೇಳಬಾರದಿತ್ತು. ನನಗೂ ಹಾಗೇ ಆದಾಗ ಗೊತ್ತಾಯ್ತು."

ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಎದ್ದರು. ಮತ್ತೆ ಕೂತು, ಮತ್ತೆ ಎದ್ದರು, ಯಾವುದನ್ನೂ ಹಿಡಿದುಕೊಳ್ಳದೆ.

"ಕುರ್ಚಿಯ ಎಡಗೈ ಸ್ವಲ್ಪ ಸೊಟ್ಟ ಇದೆ," ಎಂದರು. ನನ್ನ ಕೈಯಿಂದ ಪೆನ್ಸಿಲ್ಲಿನ ತುಂಡು ತೆಗೆದುಕೊಂಡು ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಅಷ್ಟೇ ಇರಬೇಕು ಎಂದುಕೊಂಡು ನಾವು ಇಳಿಯಲು ತಿರುಗಿದೆವು. ತಮ್ಮ ಎರಡು ಮೆಟ್ಟಿಲು ಇಳಿದೂ ಇದ್ದ. ಒಳಗಿನಿಂದ ಪಾತ್ರೆಯ ಸದ್ದಾಯಿತು. ಮೇಷ್ಟ್ರು ಮುಚ್ಚಳ ಹಾಕಿದ ಒಂದು ಸ್ಟೀಲಿನ ಪಾತ್ರೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಬಂದರು. ಮುಚ್ಚಳ ಒಮ್ಮೆ ಎತ್ತಿ ತೋರಿಸಿದರು: ಬಿಸಿ ಅನ್ನ, ಬೇಯಿಸಿದ ತರಕಾರಿ, ಒಂದು ಮೊಟ್ಟೆ. ಮುಚ್ಚಳದ ಸಂದಿಯಿಂದ ಹಬೆ ಬರುತ್ತಿತ್ತು. ತಮ್ಮನ ಕೈಗೆ ಕೊಟ್ಟರು. ಅದರ ಮೇಲೆ ಒಂದು ಚಮಚ ಇಟ್ಟರು.

ತಮ್ಮ ಪಾತ್ರೆಯನ್ನು ಎದೆಗೊತ್ತಿ ಹಿಡಿದುಕೊಂಡ. ನಾನು ಅವನಿಗಿಂತ ಕೆಳಗಿನ ಮೆಟ್ಟಿಲಲ್ಲಿದ್ದುದರಿಂದ ಅವನಿಗೆ ಕಾಣದ್ದು ನನಗೆ ಕಂಡಿತು. ತಳದಲ್ಲಿ ಪಾತ್ರೆಯಂಗಡಿಯ ಬೆಲೆ ಚೀಟಿ ಇನ್ನೂ ಅಂಟಿಕೊಂಡಿತ್ತು.